ಕ್ಷಾರವನ್ನು ಅಳೆಯುವ ಬಗೆ

ಶುಭಕಾರ್ಯಗಳಲ್ಲಿ ಆರತಿಯ ತಟ್ಟೆಗೆ ಓಕುಳಿಯನ್ನು ಕಲಸುವುದನ್ನು ನೀವೆಲ್ಲರೂ ನೋಡಿರುವಿರಿ. ತಟ್ಟೆಯಲ್ಲಿ ನೀರು, ಅದಕ್ಕೆ ಒಂದು ಚಿಟಿಕೆ ಅರಿಸಿನ, ನೀರು ಹಳದಿಯಾಗುತ್ತದೆ. ಬಳಿಕ ಮನೆಯ ಹಿರಿಯ ಮುತ್ತೈದೆಯೊಬ್ಬರು ಬೆರಳ ತುದಿಯಲ್ಲಿ ಎಳ್ಳಷ್ಟು ಸುಣ್ಣವನ್ನು ತಂದು ಕದಡಿದರೆ ಆ ಹಳದಿಯ ನೀರು ಕ್ಷಣಮಾತ್ರದಲ್ಲಿ ಕೆಂಪಾಗುತ್ತದೆ. ಈ ಕೆಂಪು ನೀರಿಗೆ ನಿಂಬೆಯ ರಸವನ್ನು ಹನಿಹನಿಯಾಗಿ ಹಿಂಡುತ್ತ ಹೋದರೆ ಏನಾಗುವುದು? ಮೊದಮೊದಲು ಏನೂ ಆಗದು. ರಸ ಬಿದ್ದೆಡೆಯಲ್ಲಿ ಹಳದಿಯ ಮಚ್ಚೆಯೊಂದು ಮೂಡಿ, ಕದಡಿದೊಡನೆ ಮಾಯವಾಗುವುದು. ಇನ್ನಷ್ಟು ಹಿಂಡಿದರೆ ಮಚ್ಚೆ ಅಳಿಯುವುದಕ್ಕೆ ತಡವಾಗುವುದು. ಕೊನೆಗೆ ಯಾವುದೋ ಒಂದು ಹನಿ ಬಿದ್ದಾಗ ತಟ್ಟೆಯ ನೀರೆಲ್ಲವೂ ಮರಳಿ ಹಳದಿಗೆ ತಿರುಗಿ ಹಾಗೆಯೇ ನಿಲ್ಲುವುದು.

ನಾನು ಇಂದು ಹೇಳಬೇಕೆಂದಿರುವ ವಿಷಯದ ಬಹುಭಾಗವು ಈ ತಟ್ಟೆಯಲ್ಲಿಯೇ ಇದೆ. ಸುಣ್ಣವು ಕ್ಷಾರ, ನಿಂಬೆಯ ರಸವು ಆಮ್ಲ, ಅರಿಸಿನವು ಸೂಚಕ. ಎಷ್ಟು ಹನಿ ರಸ ಬಿದ್ದಿತೆಂಬುದನ್ನು ಎಣಿಸಿಟ್ಟಿದ್ದರೆ, ಎಷ್ಟು ಸುಣ್ಣವಿತ್ತೆಂಬುದನ್ನು ಲೆಕ್ಕಹಾಕಿ ಹೇಳಬಹುದು. ಒಂದು ದ್ರಾವಣದಲ್ಲಿರುವ ಕ್ಷಾರದ ಪ್ರಮಾಣವನ್ನು ಹೀಗೆ ಆಮ್ಲವನ್ನು ಅಳೆದು ಸುರಿಯುವುದರಿಂದ ಗೊತ್ತುಮಾಡುವ ಕ್ರಮಕ್ಕೆ ಟೈಟ್ರೇಷನ್ ಎಂದು ಹೆಸರು. ಅನುಮಾಪನವೆಂದು ಕನ್ನಡದಲ್ಲಿ ಹೇಳುವರು. ಬಣ್ಣದ ಆಟವನ್ನು ಕಣ್ಣಿಗೆ ತೋರಿಸದೆ ಕಿವಿಗೆ ಹೇಳಹೊರಟಿರುವ ನನ್ನ ಕಷ್ಟವನ್ನು ಶ್ರೋತೃಗಳು ಮನ್ನಿಸಬೇಕು.

ಈ ಕ್ರಮವು ಹುಟ್ಟಿದುದು ವಿದ್ವಾಂಸರ ಕೊಠಡಿಯಲ್ಲಿ ಅಲ್ಲ, ಬಟ್ಟೆಯನ್ನು ಬಿಳುಪು ಮಾಡುವವರ ಅಂಗಳದಲ್ಲಿ. ನಾರುಬಟ್ಟೆಯನ್ನು ಬೂದಿಯ ನೀರಿನಲ್ಲಿ ಬೇಯಿಸಿ ಬಿಳುಪು ಮಾಡುವುದು ಸ್ಕಾಟ್ಲೆಂಡಿನಲ್ಲಿ ದೊಡ್ಡ ಉದ್ಯಮವಾಗಿತ್ತು. ನಮ್ಮ ಅಗಸರು ಸವಳು ಮಣ್ಣನ್ನು ಬಳಸುತ್ತಿದ್ದಂತೆ ಅಲ್ಲಿಯವರು ಮರದ ಬೂದಿಯಿಂದ ತೆಗೆದ ಕ್ಷಾರವನ್ನು ಬಳಸುತ್ತಿದ್ದರು. ಬೂದಿಯು ನಾನಾ ದೇಶಗಳಿಂದ ಬರುತ್ತಿತ್ತು. ಒಂದು ಪೀಪಾಯಿಯಲ್ಲಿದ್ದ ಸಾರ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಕೊಳ್ಳುವವನು ಮೋಸಹೋಗದಿರಬೇಕಾದರೆ ಏನು ಮಾಡಬೇಕು? ಫ್ರಾನ್ಸಿಸ್ ಹೋಮ್ ಎಂಬ ವೈದ್ಯನು 1756ರಲ್ಲಿ ಎಡಿನ್‌ಬರೊ ನಗರದಲ್ಲಿ ಬಟ್ಟೆಯ ಬಿಳುಪಿನ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಬೂದಿಯ ಕ್ಷಾರವನ್ನು ತೂಗಿ ತೆಗೆದುಕೊಂಡು, ಅದಕ್ಕೆ ನೀರು ಬೆರಸಿದ ನೈಟ್ರಿಕ್ ಆಮ್ಲವನ್ನು ಚಮಚ ಚಮಚವಾಗಿ ಹಾಕುತ್ತ, ನೊರೆ ಉಕ್ಕುವುದು ಯಾವಾಗ ನಿಲ್ಲುವುದೋ ಅಲ್ಲಿಯವರೆಗೆ ಹಿಡಿದ ಚಮಚಗಳನ್ನು ಎಣಿಸಬೇಕೆಂದು ಅವನು ಅದರಲ್ಲಿ ತಿಳಿಸಿದನು. ಹೆಚ್ಚು ಚಮಚ ಹಿಡಿದರೆ ಒಳ್ಳೆಯ ಬೂದಿ. ಕಡಮೆ ಹಿಡಿದರೆ ಕಳಪೆ ಬೂದಿ. ಅಳತೆಯ ಸಾಧನ ಚಮಚ, ಸೂಚಕ ನೊರೆ.

ವಿಚಿತ್ರವೇನೆಂದರೆ, ಅದೇ 1756ರಲ್ಲಿ ಅದೇ ನಗರದಲ್ಲಿ ಮತ್ತೊಂದು ಪ್ರಬಂಧವೂ ಅಚ್ಚಾಯಿತು. ಅದನ್ನು ಬರೆದವನು ಜೋಸೆಫ್ ಬ್ಲ್ಯಾಕ್. ಕ್ಷಾರಗಳಲ್ಲಿ ಸೌಮ್ಯವಾದುವು, ತೀಕ್ಷ್ಣವಾದುವು ಎಂಬ ಎರಡು ಬಗೆಗಳೇಕೆ ಇರುತ್ತವೆ ಎಂಬುದನ್ನು ಅವನು ಪ್ರಯೋಗಗಳಿಂದ ತೋರಿಸಿಕೊಟ್ಟನು. ಸೌಮ್ಯ ಕ್ಷಾರದಲ್ಲಿ ಒಂದು ವಾಯುವು ಕಟ್ಟುಬಿದ್ದಿದೆ. ಸುಟ್ಟ ಸುಣ್ಣವು ಆ ವಾಯುವನ್ನು ಕಸಿದುಕೊಂಡರೆ ಉಳಿಯುವುದು ತೀಕ್ಷ್ಣ ಕ್ಷಾರ. ಅದೇ ನಾವು ಇಂಗಾಲಾಮ್ಲ ವಾಯುವೆನ್ನುವುದು. ನೊರೆ ಉಕ್ಕಿಸುವುದೂ ಅದೇ. ಹಾಗಾದರೆ ಹೋಮ್‌ನ ಚಮಚದ ಗತಿಯೇನು? ಪೂರ್ತಿ ತೀಕ್ಷ್ಣವಾದ ಕ್ಷಾರವನ್ನು ಅವನ ಮುಂದಿಟ್ಟಿದ್ದರೆ ನೊರೆಯೇ ಬಾರದೆ, ಇದರಲ್ಲಿ ಸಾರವಿಲ್ಲವೆಂದು ಆತ ಹೇಳಬೇಕಾಗುತ್ತಿತ್ತು! ಒಂದೇ ವರ್ಷ ಒಂದೇ ಊರಿನಲ್ಲಿ ಅಚ್ಚಾದ ಎರಡು ಬರಹಗಳಲ್ಲಿ ಒಂದು ಅಳತೆಯನ್ನು ಕಲಿಸಿತು, ಇನ್ನೊಂದು ಆ ಅಳತೆ ಹೇಗೆ ಮೋಸಮಾಡಬಲ್ಲುದೆಂಬುದಕ್ಕೆ ಕಾರಣವನ್ನು ಕೊಟ್ಟಿತು. ಇದನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ನನ್ನ ತಪ್ಪೊಂದನ್ನು ಹೇಳುವಾಗ ಬೇಕಾಗುವುದು.

ಮುಂದಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸುವೆನು. ವಿಲಿಯಂ ಲೂಯಿಸ್ ಎಂಬುವನು 1767ರಲ್ಲಿ ಅಮೆರಿಕದ ಬೂದಿಯ ಕ್ಷಾರವನ್ನು ಪರೀಕ್ಷಿಸುವಾಗ ನೊರೆಯನ್ನು ಬಿಟ್ಟು ಬಣ್ಣದ ಕಾಗದವನ್ನು ಸೂಚಕವಾಗಿ ಹಿಡಿದನು. ಫ್ರಾನ್ಸಿನಲ್ಲಿ ಡೆಕ್ರೊಯಿಜಿಲ್ ಎಂಬುವನು ಗೆರೆಹಾಕಿದ ಗಾಜಿನ ಕೊಳವೆಯನ್ನು ಬಳಕೆಗೆ ತಂದನು. ಬ್ಯೂರೆಟ್, ಪಿಪೆಟ್ ಎಂಬ ಹೆಸರುಗಳನ್ನು ಈ ಕೆಲಸದ ಉಪಕರಣಗಳಿಗೆ 1824ರಲ್ಲಿ ಇಟ್ಟವನು ಗೇ ಲ್ಯುಸಾಕ್. ಜರ್ಮನಿಯ ಮೋರ್ ಪಂಡಿತನು 1855ರಲ್ಲಿ ಬರೆದ ಗ್ರಂಥದಿಂದ ಇದು ಒಂದು ಶಾಸ್ತ್ರವೇ ಆಯಿತು. ನಮ್ಮ ಕಾಲೇಜುಗಳಲ್ಲಿ ಇಂದಿಗೂ ನಡೆಯುವ ಎರಡು ಸೂಚಕಗಳು ಆಮೇಲೆ ಬಂದುವು. ಫಿನಾಲ್ಫ್ತಲೀನ್ 1877ರಲ್ಲಿ, ಮೀಥೈಲ್ ಆರೆಂಜ್ 1878ರಲ್ಲಿ. ಮೊದಲನೆಯದು ಕ್ಷಾರದಲ್ಲಿ ಗುಲಾಬಿ, ಆಮ್ಲದಲ್ಲಿ ಬಣ್ಣವಿಲ್ಲದ್ದು. ಎರಡನೆಯದು ಕ್ಷಾರದಲ್ಲಿ ಹಳದಿ, ಆಮ್ಲದಲ್ಲಿ ಕೆಂಪು.

ಈಗ ಪ್ರಯೋಗದ ರೀತಿ. ದಾಹಕ ಸೋಡ, ಅಂದರೆ ಕಾಸ್ಟಿಕ್ ಸೋಡದ ಒಂದು ದ್ರಾವಣವಿದೆಯೆಂದು ಇಟ್ಟುಕೊಳ್ಳಿ. ಅದರಲ್ಲಿ ಲೀಟರಿಗೆ ಎಷ್ಟು ಗ್ರಾಂ ಸೋಡವಿದೆಯೆಂದು ತಿಳಿಯಬೇಕು. ಸೋಡವನ್ನು ತೂಗಿಯೇ ಕರಗಿಸಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ಆದರೆ ದಾಹಕ ಸೋಡವು ತೂಕಕ್ಕೆ ಸಿಕ್ಕುವ ವಸ್ತುವಲ್ಲ. ತಕ್ಕಡಿಯ ಮೇಲಿಟ್ಟ ಕೆಲವೇ ನಿಮಿಷಗಳಲ್ಲಿ ಗಾಳಿಯ ತೇವವನ್ನು ಕುಡಿದು ಬೆವತು ನಿಲ್ಲುವುದು. ಅದರೊಡನೆಯೇ ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನೂ ಹೀರಿಕೊಳ್ಳುವುದು. ಆದುದರಿಂದ ನೆಚ್ಚಬಹುದಾದ ಬೇರೊಂದು ವಸ್ತುವಿನಿಂದ ಮೊದಲುಮಾಡಬೇಕು. ಶುದ್ಧವಾದ ಒಗೆಯುವ ಸೋಡವನ್ನು ಚೆನ್ನಾಗಿ ಕಾಯಿಸಿ, ನೀರಿನಂಶವನ್ನೆಲ್ಲ ಕಳೆದು, ತೇವ ತಗುಲದಂತೆ ಆರಿಸಿ, 1.325 ಗ್ರಾಂ ತೂಗಿ, 250 ಘನ ಸೆಂಟಿಮೀಟರು ನೀರಾಗುವಂತೆ ಕರಗಿಸಿದರೆ, ಅದು ದಶಾಂಶ ನಾರ್ಮಲ್ ದ್ರಾವಣ. ಇದರೊಡನೆ ಲವಣಾಮ್ಲವನ್ನು ಹೋಲಿಸಿ ಆಮ್ಲದ ಬಲವನ್ನು ಗೊತ್ತುಮಾಡಿಕೊಳ್ಳುವುದು. ಅನಂತರ ಆ ಆಮ್ಲದಿಂದ ದಾಹಕ ಸೋಡವನ್ನು ಅಳೆಯುವುದು. ಒಬ್ಬ ಸಾಕ್ಷಿಯನ್ನು ನಂಬಿ ಎರಡನೆಯವನನ್ನು, ಎರಡನೆಯವನನ್ನು ನಂಬಿ ಮೂರನೆಯವನನ್ನು ವಿಚಾರಿಸಿದಂತೆ.

ಪಿಪೆಟ್ಟಿನಿಂದ ಸರಿಯಾಗಿ 25 ಘನ ಸೆಂಟಿಮೀಟರು ಸೋಡದ ದ್ರಾವಣವನ್ನು ಗಾಜಿನ ಕೂಜೆಗೆ ಬಿಡಬೇಕು; ಎರಡು ಹನಿ ಸೂಚಕವನ್ನು ಸೇರಿಸಬೇಕು; ಕೂಜೆಯ ಕೆಳಗೆ ಬಿಳಿಯ ಹಂಚನ್ನಿಟ್ಟು ಬ್ಯೂರೆಟ್ಟಿನಿಂದ ಆಮ್ಲವನ್ನು ಬಿಡುತ್ತ, ಎಡಗೈಯಿಂದ ಬಿರಡೆಯನ್ನೂ ಬಲಗೈಯಿಂದ ಕೂಜೆಯನ್ನೂ ಆಡಿಸುತ್ತ ಇರಬೇಕು. ಇಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪುಗಳು ತಲೆತಲಾಂತರದಿಂದ ಬಂದುವು. ಬ್ಯೂರೆಟ್ಟನ್ನು ನೀರಿನಿಂದ ತೊಳೆದು, ಆಮ್ಲದಿಂದ ತೊಳೆಯದೆ ಬಿಡುವರು. ಉಳಿದ ನೀರು ಆಮ್ಲವನ್ನು ತೆಳ್ಳಗೆ ಮಾಡುವುದು. ಕೂಜೆಯನ್ನಾದರೋ ಬರಿಯ ಶುದ್ಧ ಜಲದಿಂದ ತೊಳೆಯಬೇಕು. ಅದನ್ನು ಸೋಡದ ದ್ರಾವಣದಿಂದಲೇ ತೊಳೆದು ಲೆಕ್ಕಕ್ಕೆ ಸಿಕ್ಕದ ಕ್ಷಾರವನ್ನು ಅದರೊಳಗೆ ಬಿಡುವರು. ಬ್ಯೂರೆಟ್ಟಿನ ಮೂತಿಯಲ್ಲಿ ಗಾಳಿಯ ಗುಳ್ಳೆ ನಿಂತಿದ್ದುದನ್ನು ನೋಡರು. ಕೊನೆಯ ಹನಿಗಾಗಿ ಕಾಯುವ ತಾಳ್ಮೆಯಂತೂ ನೂರರಲ್ಲಿ ಹತ್ತು ಮಂದಿಗಿಲ್ಲ.

ಲೆಕ್ಕವು ಸುಲಭ. ನಾರ್ಮಲ್ ದ್ರಾವಣವೆಂದರೆ, ದಾಹಕ ಸೋಡವಾದರೆ ಲೀಟರಿಗೆ 40 ಗ್ರಾಂ, ಲವಣಾಮ್ಲವಾದರೆ 36.5 ಗ್ರಾಂ, ಒಗೆಯುವ ಸೋಡವಾದರೆ 53 ಗ್ರಾಂ ಇರುವಂಥದು. ಸಮಾನ ಬಲವುಳ್ಳ ದ್ರಾವಣಗಳು ಸಮಾನ ಅಳತೆಯಲ್ಲಿ ಒಂದನ್ನೊಂದು ಶಮನಮಾಡುವುವು. ಈಗಿನ ಪಠ್ಯಪುಸ್ತಕಗಳು ನಾರ್ಮಲ್ ಎಂಬುದನ್ನು ಬಿಟ್ಟು ಮೋಲ್ ಎಂಬ ಮಾನವನ್ನು ಹಿಡಿದಿವೆ. ಲವಣಾಮ್ಲ ಮತ್ತು ದಾಹಕ ಸೋಡಗಳ ಮಟ್ಟಿಗೆ ಎರಡಕ್ಕೂ ಅಂಕಿ ಒಂದೇ. 25 ಘನ ಸೆಂಟಿಮೀಟರು ಸೋಡಕ್ಕೆ ದಶಾಂಶ ನಾರ್ಮಲ್ ಆಮ್ಲವು 25 ಹಿಡಿದರೆ ಸೋಡವೂ ದಶಾಂಶ ನಾರ್ಮಲ್. ಎಂದರೆ ಲೀಟರಿಗೆ 4 ಗ್ರಾಂ.

ಇಷ್ಟನ್ನು ನಾನು ವರ್ಷವರ್ಷವೂ ಪಾಠ ಹೇಳಿದ್ದೇನೆ. ಆದರೂ ಇದರಲ್ಲಿ ನಾನು ಸರಿಯಾಗಿ ತಿಳಿಯದಿದ್ದ ಅಂಶವೊಂದನ್ನು ಒಬ್ಬ ಹುಡುಗನಿಂದ ಕಲಿಯಬೇಕಾಯಿತು. ತಿಳಿದಿರಲಿಲ್ಲವೆನ್ನುವುದಕ್ಕಿಂತ, ತಿಳಿದಿದ್ದರೂ ಸಮಯಕ್ಕೆ ಒದಗಲಿಲ್ಲವೆನ್ನುವುದು ಸರಿ.

ಕೆಲವು ವರ್ಷಗಳ ಹಿಂದೆ ಕಾಲೇಜಿನ ಒಳಪರೀಕ್ಷೆಗೆಂದು ನಾನೇ ದಾಹಕ ಸೋಡದ ದ್ರಾವಣವನ್ನು ಮಾಡಿಟ್ಟೆನು. ಸೋಡದ ಬುಡ್ಡಿ ಹಳೆಯದು. ಕಡ್ಡಿಗಳ ಮೇಲೆ ಬಿಳಿಯ ಪುಡಿ ಕಟ್ಟಿತ್ತು. ಹೇಗೂ ಕರಗಿಸಿದ ಮೇಲೆ ಆಮ್ಲದಿಂದ ಬಲವನ್ನು ಗೊತ್ತುಮಾಡುವೆನಲ್ಲ ಎಂದು ಅದನ್ನು ಲಕ್ಷಿಸಲಿಲ್ಲ. ಮೀಥೈಲ್ ಆರೆಂಜನ್ನು ಹಾಕಿ ಪರೀಕ್ಷಿಸಿ, ದಶಾಂಶ ನಾರ್ಮಲ್ ಆಗುವಂತೆ ನೀರು ಸೇರಿಸಿ, ಉತ್ತರ 25.0 ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆನು. ಪರೀಕ್ಷೆಯ ದಿನ ಇಪ್ಪತ್ತು ಮಂದಿ ಹುಡುಗರು. ಹತ್ತೊಂಬತ್ತು ಮಂದಿಗೆ 24.9, 25.0, 25.1 ಹೀಗೆ ಬಂದಿತು. ಮೂಲೆಯ ಮೇಜಿನ ಹುಡುಗನೊಬ್ಬನಿಗೆ 23.7, 23.8, 23.8.

“ಏನಯ್ಯ, ಇಷ್ಟು ಕಡಮೆ?” ಎಂದು ಕೇಳಿದೆನು.

“ಮೂರು ಸಲವೂ ಅಷ್ಟೇ ಬಂತು, ಸಾರ್” ಎಂದನು.

“ಪಿಪೆಟ್ಟು ಸರಿಯಾಗಿ ತುಂಬಿರಲಾರದು. ಇಲ್ಲವೆ ಬಣ್ಣ ಪೂರ್ತಿ ತಿರುಗುವ ಮೊದಲೇ ಓದಿಕೊಂಡಿದ್ದೀಯೆ.”

ಅವನು ಏನೋ ಹೇಳಬೇಕೆಂದು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದನು. ಪಕ್ಕದವನ ಪುಸ್ತಕ ಒಂದು ಮೊಳ ದೂರದಲ್ಲಿ ತೆರೆದುಕೊಂಡಿತ್ತು, ಅದರಲ್ಲಿ 25.0 ಎಂಬ ಅಂಕಿ ದಪ್ಪವಾಗಿ ಕಾಣುತ್ತಿತ್ತು. ಬೇಕೆಂದಿದ್ದರೆ ಇವನೂ ತಿದ್ದಿಕೊಳ್ಳಬಹುದಾಗಿತ್ತು. ತಿದ್ದಿಕೊಳ್ಳಲಿಲ್ಲ. ನಾನು ಕೆಂಪು ಪೆನ್ಸಿಲಿನಿಂದ ಅಡ್ಡಗೆರೆಯೆಳೆದು ಹತ್ತಕ್ಕೆ ಮೂರು ಅಂಕ ಹಾಕಿದೆನು.

ಸಂಜೆ ಎಲ್ಲರೂ ಹೋದ ಮೇಲೆ ಕೊಠಡಿಗೆ ಬೀಗ ಹಾಕಿಸಲು ಬಂದೆನು. ಮೂಲೆಯ ಮೇಜಿನ ಮೇಲೆ ಆ ಹುಡುಗನ ಮೂರನೆಯ ಕೂಜೆ ತೊಳೆಯದೆ ಹಾಗೆಯೇ ಇತ್ತು. ಒಳಗಿನ ದ್ರಾವಣಕ್ಕೆ ಬಣ್ಣವಿಲ್ಲ. ಮೀಥೈಲ್ ಆರೆಂಜ್ ಹಾಕಿದ್ದರೆ ಹಳದಿಯೋ ಕೆಂಪೋ ಇರಬೇಕಾಗಿತ್ತಲ್ಲವೆ? ಪಕ್ಕದಲ್ಲಿ ನೋಡಿದರೆ ಫಿನಾಲ್ಫ್ತಲೀನ್ ಸೀಸೆ. ಅಟೆಂಡರನ್ನು ಕೇಳಿದೆನು. “ಆ ಮೇಜಿಗೆ ಇನ್ನೊಂದು ಸೀಸೆ ಸಾಲಲಿಲ್ಲ ಸ್ವಾಮಿ, ಇದನ್ನು ಕೊಟ್ಟೆ. ಎರಡೂ ಸೂಚಕವೇ ಅಲ್ಲವೆ?” ಎಂದನು. ಅವನ ತಪ್ಪೇನೂ ಇಲ್ಲ. ಹಾಗೆಂದು ನಾನೇ ಹಲವು ಸಲ ಹೇಳಿದ್ದೆನು.

ಆ ಕೂಜೆಗೆ ಒಂದು ಹನಿ ಮೀಥೈಲ್ ಆರೆಂಜ್ ಹಾಕಿದೆನು. ದ್ರಾವಣವು ಹಳದಿಯಾಯಿತು! ಒಂದು ಸೂಚಕವು ಕ್ಷಾರವು ಮುಗಿಯಿತೆಂದು ಹೇಳಿದ ಮೇಲೆ ಇನ್ನೊಂದು ಸೂಚಕವು ಇನ್ನೂ ಇದೆಯೆನ್ನುತ್ತಿತ್ತು. ಬ್ಯೂರೆಟ್ಟಿನಿಂದ ಮತ್ತೆ ಆಮ್ಲವನ್ನು ಬಿಟ್ಟೆನು. 1.2 ಘನ ಸೆಂಟಿಮೀಟರು ಹಿಡಿದು ಬಣ್ಣ ತಿರುಗಿತು. 23.8ಕ್ಕೆ 1.2 ಸೇರಿದರೆ 25.0. ಹುಡುಗನು ಒಂದು ಹನಿಯಷ್ಟೂ ತಪ್ಪಿರಲಿಲ್ಲ.

ಇದರ ಕಾರಣ ಬ್ಲ್ಯಾಕ್ ಪಂಡಿತನ ಪ್ರಬಂಧದಲ್ಲಿ ಇದ್ದುದೇ. ಹಳೆಯ ಕಡ್ಡಿಗಳ ಮೇಲಿನ ಬಿಳಿಯ ಪುಡಿ ಒಗೆಯುವ ಸೋಡ. ದಾಹಕ ಸೋಡವು ಗಾಳಿಯ ಇಂಗಾಲಾಮ್ಲ ವಾಯುವನ್ನು ಹೀರಿ ಹಾಗಾಗಿತ್ತು. ನನ್ನ ದ್ರಾವಣದಲ್ಲಿ ಒಂದಲ್ಲ, ಎರಡು ಕ್ಷಾರಗಳಿದ್ದುವು. ದಾಹಕ ಸೋಡವು ಆಮ್ಲದೊಡನೆ ಒಂದೇ ಹೆಜ್ಜೆಯಲ್ಲಿ ಮುಗಿಯುವುದು. ಒಗೆಯುವ ಸೋಡಕ್ಕೆ ಎರಡು ಹೆಜ್ಜೆ: ಮೊದಲರ್ಧ ಆಮ್ಲಕ್ಕೆ ಅದು ಅಡಿಗೆಯ ಸೋಡವಾಗುವುದು, ಉಳಿದರ್ಧಕ್ಕೆ ಅಡಿಗೆಯ ಸೋಡವೂ ಉಪ್ಪಾಗಿ, ವಾಯುವು ಹೊರಟುಹೋಗುವುದು. ಫಿನಾಲ್ಫ್ತಲೀನ್ ತನ್ನ ಗುಲಾಬಿಯನ್ನು ಮೊದಲನೆಯ ಹೆಜ್ಜೆಯಲ್ಲಿಯೇ ಕಳೆದುಕೊಳ್ಳುವುದು. ಅಡಿಗೆಯ ಸೋಡವು ಅದರ ಲೆಕ್ಕಕ್ಕೆ ಕ್ಷಾರವೇ ಅಲ್ಲ. ಮೀಥೈಲ್ ಆರೆಂಜ್ ಎರಡನೆಯ ಹೆಜ್ಜೆ ಮುಗಿಯುವವರೆಗೂ ಹಳದಿಯಾಗಿಯೇ ಇರುವುದು. ಆದುದರಿಂದ ಎರಡು ಅಂಕಿಗಳ ಅಂತರವು ಒಗೆಯುವ ಸೋಡದ ಅರ್ಧ.

ಹುಡುಗನ ಮೂರು ಅಂಕಿಗಳಿಗೂ ಒಪ್ಪುವಂತೆ 23.75 ಎಂದು ಹಿಡಿದರೆ ಅಂತರ 1.25, ಅದರ ಎರಡರಷ್ಟು, ಎಂದರೆ 2.5, ಒಗೆಯುವ ಸೋಡದ ಪಾಲು. 25ರಲ್ಲಿ ಅದನ್ನು ಕಳೆದರೆ ಉಳಿಯುವ 22.5 ದಾಹಕ ಸೋಡದ್ದು. ಎಂದರೆ ಲೀಟರಿಗೆ 4 ಗ್ರಾಂ ಇದೆಯೆಂದು ನಾನು ಚೀಟಿ ಅಂಟಿಸಿದ್ದ ದ್ರಾವಣದಲ್ಲಿ ದಾಹಕ ಸೋಡ ಇದ್ದುದು 3.6 ಗ್ರಾಂ ಮಾತ್ರ. ಜೊತೆಗೆ ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು ಒಗೆಯುವ ಸೋಡ. ದಾಹಕ ಸೋಡ ಎಷ್ಟಿದೆಯೆಂಬುದೇ ಪ್ರಶ್ನೆಪತ್ರಿಕೆಯ ಪ್ರಶ್ನೆ. ಹಾಗೆ ನೋಡಿದರೆ 25.0 ಎಂದು ಬರೆದು ಪೂರ್ಣಾಂಕ ಪಡೆದ ಹತ್ತೊಂಬತ್ತು ಮಂದಿಗಿಂತ, ಮೂರು ಅಂಕ ಪಡೆದವನ ಅಂಕಿಯೇ ನಿಜವಾದ ಉತ್ತರಕ್ಕೆ ಹತ್ತಿರವಾಗಿತ್ತು. ಮಾರನೆಯ ದಿನ ಬೇರಿಯಂ ಕ್ಲೋರೈಡನ್ನು ಸೇರಿಸಿ ಒಗೆಯುವ ಸೋಡವನ್ನೆಲ್ಲ ಬಿಳಿಯ ಗಸಿಯಾಗಿ ಬೇರ್ಪಡಿಸಿ, ಉಳಿದ ದಾಹಕ ಸೋಡವನ್ನು ಫಿನಾಲ್ಫ್ತಲೀನಿನೊಡನೆ ಅಳೆದು ನೋಡಿದೆನು. 22.5 ಬಂದಿತು.

ಅರ್ಧ ಗ್ರಾಮಿನ ಮಾತಿಗೆ ಇಷ್ಟು ರಾದ್ಧಾಂತವೇಕೆಂದು ಕೇಳುವವರು ಸಾಬೂನು ಮಾಡುವವರನ್ನು ಕೇಳಬೇಕು. ಬೆಂಗಳೂರಿನಲ್ಲಿ 1918ರಲ್ಲಿ ಶ್ರೀಗಂಧದ ಸಾಬೂನು ತಯಾರಾಗತೊಡಗಿದಾಗಿನಿಂದ ಈ ಕೈಗಾರಿಕೆ ನಮಗೆ ಪರಿಚಿತವೇ. ಮನೆಗಳಲ್ಲಿ ಕೊಬ್ಬರಿ ಎಣ್ಣೆಯಿಂದ ಸಾಬೂನು ಮಾಡುವವರೂ ಈಗ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಕಿಲೋಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ ದಾಹಕ ಸೋಡ ಬೇಕು. ಎಣ್ಣೆಯನ್ನು ಒಡೆದು ಸಾಬೂನು ಮಾಡುವ ಶಕ್ತಿ ಇರುವುದು ದಾಹಕ ಸೋಡಕ್ಕೆ. ಒಗೆಯುವ ಸೋಡವು ಆ ಕೆಲಸಕ್ಕೆ ಬಾರದು. ಮೀಥೈಲ್ ಆರೆಂಜಿನ ಮಾತನ್ನೊಂದೇ ನಂಬಿ, ನನ್ನ ದ್ರಾವಣದಂತಹ ಹಳೆಯ ಸೋಡವನ್ನು 180 ಗ್ರಾಂ ಎಂದು ಲೆಕ್ಕಹಾಕಿ ಸುರಿದವನ ಪಾತ್ರೆಯಲ್ಲಿ ಹತ್ತನೆಯ ಒಂದು ಪಾಲು ಎಣ್ಣೆ ಎಣ್ಣೆಯಾಗಿಯೇ ಉಳಿಯುವುದು. ಅದನ್ನು ಕಂಡು ಸೋಡ ಸಾಲದೆಂದು ಅಂದಾಜಿನ ಮೇಲೆ ಇನ್ನೊಂದು ಹಿಡಿ ಹಾಕಿದರೆ, ಸಾಬೂನು ಕೈ ಸುಡುವುದು. ಹೀಗೆ ಸುಟ್ಟ ಕೈಗಳನ್ನು ನಾನು ಕಂಡಿದ್ದೇನೆ.

ನಮ್ಮ ಪ್ರಾಚೀನ ವೈದ್ಯರು ಈ ಭೇದವನ್ನು ಅನುಭವದಿಂದ ಅರಿತಿದ್ದರು. ಸುಶ್ರುತ ಸಂಹಿತೆಯಲ್ಲಿ ಕ್ಷಾರವನ್ನು ಪಾಕಮಾಡುವ ವಿಧಿಗೇ ಒಂದು ಅಧ್ಯಾಯವಿದೆ. ಮೃದು, ಮಧ್ಯಮ, ತೀಕ್ಷ್ಣ ಎಂದು ಅಲ್ಲಿ ಕ್ಷಾರಗಳನ್ನು ವಿಂಗಡಿಸಿದೆ. ಬೂದಿಯ ನೀರಿಗೆ ಸುಟ್ಟ ಸುಣ್ಣಕಲ್ಲು, ಚಿಪ್ಪುಗಳನ್ನು ಬೆರಸಿ ಅದರ ಬಲವನ್ನು ಹೆಚ್ಚಿಸುವ ಕ್ರಮವಿದೆ. ಸಿದ್ಧವಾದ ಕ್ಷಾರವನ್ನು ಕಬ್ಬಿಣದ ಕೊಡದಲ್ಲಿ ಬಾಯಿಮುಚ್ಚಿ ಇಡಬೇಕೆಂದೂ ಹೇಳಿದೆ. ಇಂಗಾಲಾಮ್ಲ ವಾಯುವಿನ ಹೆಸರು ಅವರಿಗೆ ತಿಳಿದಿರಲಿಲ್ಲ. ಆದರೂ ಕೊಡದ ಬಾಯಿ ಮುಚ್ಚಬೇಕೆಂದು ತಿಳಿದಿತ್ತು. ಹೆಸರು ತಿಳಿದಿದ್ದ ನನ್ನ ಬುಡ್ಡಿಯ ಬಿರಡೆ ಸಡಿಲವಾಗಿತ್ತು.

ಹುಡುಗನ ವಿಷಯವನ್ನು ಹೇಳಿ ಮುಗಿಸುತ್ತೇನೆ. ಮರುದಿನ ತರಗತಿಯಲ್ಲಿ ಅವನನ್ನು ಮುಂದಕ್ಕೆ ಕರೆದು, ಎಲ್ಲರೆದುರಿಗೆ ಅದೇ ದ್ರಾವಣವನ್ನು ಅವನ ಕೈಯಿಂದಲೇ ಮತ್ತೆ ಅಳೆಸಿದೆನು. ಗುಲಾಬಿ ಹೋದೊಡನೆ ಅಂಕಿಯನ್ನು ಕರಿಹಲಗೆಯ ಮೇಲೆ ಬರೆಸಿ, ಮೀಥೈಲ್ ಆರೆಂಜ್ ಹಾಕಿಸಿ, ಮುಂದುವರಿಸೆಂದೆನು. ಹಳದಿ ಕಂಡಾಗ ತರಗತಿಯಲ್ಲಿ ಗುಸುಗುಸು ಎದ್ದಿತು. ಅವನ ಕೈ ಮಾತ್ರ ಅಲುಗಲಿಲ್ಲ. ಹತ್ತಕ್ಕೆ ಹತ್ತು ಹಾಕಿ, ಕೆಂಪು ಗೆರೆಯ ಪಕ್ಕದಲ್ಲಿ ನನ್ನ ಸಹಿ ಮಾಡಿದೆನು. “ನಿನ್ನೆ ಏನೋ ಹೇಳಬೇಕೆಂದಿದ್ದೆಯಲ್ಲ, ಏನು?” ಎಂದು ಕೇಳಿದೆನು. “ಬೇರೆ ಸೀಸೆ ಕೊಟ್ಟಿದ್ದರು ಅಂತ ಹೇಳೋಣವೆಂದಿದ್ದೆ, ಸಾರ್. ನೆಪ ಹೇಳುತ್ತಾನೆ ಅಂದುಕೊಳ್ಳುತ್ತೀರಿ ಎಂದು ಬಿಟ್ಟೆ” ಎಂದನು.

ಅಂದಿನಿಂದ ನಮ್ಮ ಪ್ರಯೋಗಶಾಲೆಯ ಉತ್ತರಪುಸ್ತಕದಲ್ಲಿ ಅಂಕಿಯ ಮನೆಗೆ ಮುಂಚೆ ಇನ್ನೊಂದು ಮನೆಯನ್ನು ಗೀಟು ಹಾಕಿಸಿದ್ದೇನೆ. ಅದರಲ್ಲಿ ಸೂಚಕದ ಹೆಸರನ್ನು ಬರೆಯಬೇಕು. ಸೋಡದ ಬುಡ್ಡಿಗೆ ರಬ್ಬರಿನ ಬಿರಡೆ ಬಂದಿದೆ. ಗಾಜಿನ ಬಿರಡೆಯಾದರೆ ಕ್ಷಾರವು ಅದನ್ನು ಕಚ್ಚಿ ಹಿಡಿದು, ಬೇಕಾದಾಗ ತೆಗೆಯಗೊಡದು.